ಲವಣಸಸ್ಯಗಳು: ಉಪ್ಪುನೆಲದಲ್ಲಿ ಬದುಕುವ ಬಗೆ

ಮುಂಬಯಿಯ ಹಾರ್ಬರ್ ಮಾರ್ಗದ ರೈಲು ಮಾನ್‌ಖುರ್ದ್ ನಿಲ್ದಾಣವನ್ನು ದಾಟಿ ಠಾಣೆ ಖಾಡಿಯ ಸೇತುವೆಯನ್ನೇರಿ ವಾಶಿಯತ್ತ ಸಾಗುವಾಗ ಎರಡೂ ಮಗ್ಗುಲಲ್ಲಿ ಹರಡಿದ ಹಸಿರನ್ನು ನೋಡದ ಪ್ರಯಾಣಿಕನಿಲ್ಲ. ಭರತದ ಹೊತ್ತಿನಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತ ಈ ಗಿಡಗಳು ಇಳಿತದ ಹೊತ್ತಿಗೆ ಕರಿಯ ಕೆಸರಿನ ಮೇಲೆ ತೋರುತ್ತವೆ. ಅವುಗಳ ಸುತ್ತ ಪೆನ್ಸಿಲುಗಳನ್ನು ನೆಟ್ಟಂತೆ ಉಸಿರುಬೇರುಗಳು ನೆಲದಿಂದ ಮೇಲೆದ್ದಿರುತ್ತವೆ. ಮರಾಠಿಗರು ಇದನ್ನು ತಿವರ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅವಿಸೆನಿಯಾ ಮರೀನಾ. ಕನ್ನಡ ಕರಾವಳಿಯವರು ಕಾಂಡ್ಲ ಎಂದು ಒಟ್ಟಾಗಿ ಕರೆಯುವ ಮರಗಳ ಬಳಗಕ್ಕೆ ಸೇರಿದ್ದು. ಇದರ ಬೇರಿಗೆ ತಾಗುವುದು ಕಡಲ ನೀರು. ಅದೇ ನೀರನ್ನು ಅವರೆಯ ಹೊಲಕ್ಕೆ ಹಾಯಿಸಿದರೆ ಕೆಲವೇ ದಿನಗಳಲ್ಲಿ ಪೈರು ಸುಟ್ಟಂತಾಗುತ್ತದೆ. ಒಂದೇ ನೀರು ಒಂದು ಗಿಡಕ್ಕೆ ನೆಲೆಯೂ ಇನ್ನೊಂದಕ್ಕೆ ವಿಷವೂ ಆಗುವುದು ಹೇಗೆಂಬುದು ಸಸ್ಯಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದು. ಅದಕ್ಕೆ ದೊರೆತ ಉತ್ತರಗಳು ಬಹುಮಟ್ಟಿಗೆ ಕಳೆದ ಆರು ದಶಕಗಳವು.

ವಿಷಯಕ್ಕೆ ಪ್ರವೇಶಿಸುವ ಮುನ್ನ ಪದಗಳ ಬಗೆಗೆ ಒಂದೆರಡು ಮಾತು ಅಗತ್ಯ. ಉಪ್ಪುನೆಲವನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಅವುಗಳ ಬಳಕೆಯಲ್ಲಿ ಎಚ್ಚರದ ಬರವಿದೆ. ಉತ್ತರ ಕರ್ನಾಟಕದ ನೀರಾವರಿ ಪ್ರದೇಶಗಳಲ್ಲಿ ಸವಳು-ಜವಳು ಎಂಬ ಜೋಡುನುಡಿ ಇದೆ. ಸವಳು ಎಂದರೆ ಉಪ್ಪೇರಿದ ನೆಲ, ಜವಳು ಎಂದರೆ ನೀರು ನಿಂತು ಹದಗೆಟ್ಟ ನೆಲ. ಎರಡನೆಯದು ಹೆಚ್ಚಾಗಿ ಮೊದಲನೆಯದಕ್ಕೆ ಕಾರಣವಾಗುವುದರಿಂದ ಈ ಜೋಡಣೆಯಲ್ಲಿ ಒಂದು ಶಾಸ್ತ್ರಸತ್ಯವೇ ಅಡಗಿದೆ. ಚೌಳು ಮಣ್ಣು ಎಂಬುದು ಅಗಸರು ಬಟ್ಟೆಗೆ ಬಳಸುತ್ತಿದ್ದ ಮಣ್ಣು. ಅದರಲ್ಲಿ ಮುಖ್ಯವಾದುದು ಸೋಡಿಯಂ ಕಾರ್ಬೊನೇಟಿನ ಕ್ಷಾರ, ಅಡುಗೆಯ ಉಪ್ಪಲ್ಲ. ಪಠ್ಯಪುಸ್ತಕಗಳು ಲವಣ, ಕ್ಷಾರ ಎಂಬೆರಡನ್ನೂ ಒಂದರ ಬದಲು ಇನ್ನೊಂದರಂತೆ ಬಳಸಿ ವಿದ್ಯಾರ್ಥಿಯನ್ನು ದಾರಿತಪ್ಪಿಸಿರುವುದುಂಟು. ಲವಣದ ನೆಲವನ್ನು ಒಳ್ಳೆಯ ನೀರಿನಿಂದ ತೊಳೆದು ಸರಿಪಡಿಸಬಹುದು. ಕ್ಷಾರದ ನೆಲ ಹಾಗೆ ತೊಳೆದರೆ ಇನ್ನಷ್ಟು ಬಿಗಿಯುತ್ತದೆ. ಅದಕ್ಕೆ ಜಿಪ್ಸಂ ಬೇಕು. ಪದ ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದುಕೊಂಡು ಕನ್ನಡದಲ್ಲಿ ಬರೆದ ಬಿ.ಜಿ.ಎಲ್. ಸ್ವಾಮಿಯವರು ಗಿಡಗಳ ದೇಶೀ ಹೆಸರುಗಳನ್ನು ಶಾಸ್ತ್ರದ ಹೆಸರುಗಳಷ್ಟೇ ಗಂಭೀರವಾಗಿ ಪರಿಗಣಿಸಿದ್ದು ಇಲ್ಲಿ ನೆನಪಾಗಬೇಕು. ನೆರೆಭಾಷೆಗಳ ಕಡೆ ತಿರುಗಿದರೆ ಗೊಂದಲ ಮತ್ತೂ ಸ್ವಾರಸ್ಯವಾಗುತ್ತದೆ. ಮರಾಠಿಯಲ್ಲಿ ಮೀಠ ಎಂದರೆ ಉಪ್ಪು, ಹಿಂದಿಯಲ್ಲಿ ಮೀಠಾ ಎಂದರೆ ಸಿಹಿ. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣಕ್ಕೆ ಅನತಿದೂರದಲ್ಲಿ ಹರಿದು ಮಾಹಿಮದ ಕೊಲ್ಲಿಯನ್ನು ಸೇರುವ ಮೀಠಿ ನದಿಯ ಹೆಸರನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಕೇಳಿಸಿಕೊಳ್ಳುವುದು ಆಶ್ಚರ್ಯವಲ್ಲ.

ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರ ಬಹುಭಾಗ ಸೋಡಿಯಂ ಕ್ಲೋರೈಡು. ಸಾಮಾನ್ಯ ಬತ್ತದ ತಳಿಗಳ ಇಳುವರಿ ಮಣ್ಣಿನ ನೀರಿನಲ್ಲಿ ಲೀಟರಿಗೆ ಎರಡು ಗ್ರಾಂ ಆಸುಪಾಸಿನ ಉಪ್ಪಿಗೇ ಕುಗ್ಗತೊಡಗುತ್ತದೆ. ಇದಕ್ಕೆ ಎದುರಾಗಿ, ಕಡಲ ನೀರಿನ ಮೂರನೆಯ ಒಂದು ಭಾಗದಷ್ಟು, ಎಂದರೆ ಲೀಟರಿಗೆ ಹನ್ನೆರಡು ಗ್ರಾಮಿನಷ್ಟು ಉಪ್ಪಿರುವಲ್ಲಿ ಬೆಳೆದು ಬೀಜ ಕಟ್ಟಬಲ್ಲ ಸಸ್ಯಗಳನ್ನು ಇಂದಿನ ವಿದ್ವಾಂಸರು ಲವಣಸಸ್ಯಗಳೆಂದು ಕರೆಯುತ್ತಾರೆ. ಹೂಬಿಡುವ ಸಸ್ಯಜಾತಿಗಳಲ್ಲಿ ಇವುಗಳ ಪಾಲು ನೂರಕ್ಕೆ ಒಂದರಷ್ಟು. ಅವೆಲ್ಲವೂ ಒಂದೇ ಕುಟುಂಬದವಲ್ಲ. ಸಂಬಂಧವೇ ಇಲ್ಲದ ಹಲವು ಕುಟುಂಬಗಳಲ್ಲಿ ಈ ಗುಣ ಬೇರೆ ಬೇರೆಯಾಗಿ ಹಲವು ಸಲ ಹುಟ್ಟಿದೆ. ಆದ್ದರಿಂದಲೇ ಉಪಾಯಗಳೂ ಹಲವಾಗಿವೆ.

ಉಪ್ಪು ಸಸ್ಯಕ್ಕೆ ಒಡ್ಡುವ ತೊಂದರೆ ಎರಡು ಬಗೆಯದು. ಮೊದಲನೆಯದು ನೀರಿನದು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಮನುಷ್ಯನ ಮಟ್ಟಿಗೆ ಸರಿ. ಉಪ್ಪುನೆಲದ ಗಿಡದ ಸಂಕಟವೆಂದರೆ ಸುತ್ತ ನೀರಿದ್ದರೂ ಅದನ್ನು ಕುಡಿಯಲಾಗದು. ಅಭಿಸರಣದ ನಿಯಮದಂತೆ ನೀರು ತೆಳುವಾದ ದ್ರಾವಣದಿಂದ ಗಟ್ಟಿಯಾದ ದ್ರಾವಣದ ಕಡೆಗೆ ಪೊರೆಯ ಮೂಲಕ ಸಾಗುತ್ತದೆ. ಬೇರಿನ ಕೋಶದ ಒಳಗಿನ ರಸಕ್ಕಿಂತ ಹೊರಗಿನ ಮಣ್ಣಿನ ನೀರೇ ಗಟ್ಟಿಯಾಗಿದ್ದರೆ ನೀರು ಒಳಕ್ಕೆ ಬರುವ ಬದಲು ಹೊರಕ್ಕೆ ಹೋಗುತ್ತದೆ. ಕಡಲ ನೀರಿನಿಂದ ಒಂದು ಹನಿ ಸಿಹಿನೀರನ್ನು ಬೇರ್ಪಡಿಸಿ ಎಳೆದುಕೊಳ್ಳಲು ಬೇಕಾದ ಸೆಳೆತ ಸುಮಾರು 25 ವಾಯುಭಾರದಷ್ಟು. ಇದು ಇನ್ನೂರೈವತ್ತು ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ.

ಎರಡನೆಯ ತೊಂದರೆ ವಿಷದ್ದು. ಕೋಶದೊಳಗಿನ ಕಿಣ್ವಗಳು ಪೊಟ್ಯಾಸಿಯಮ್ಮಿಗೆ ಒಗ್ಗಿಕೊಂಡವು. ಸೋಡಿಯಂ ಅದರ ದಾಯಾದಿ: ವಿದ್ಯುದಂಶ ಒಂದೇ, ಗುಣವೂ ಹತ್ತಿರದ್ದು, ಆದರೆ ಆ ಸ್ಥಾನದಲ್ಲಿ ಕೂತು ಆ ಕೆಲಸ ಮಾಡಲಾರದು. ಕಡಲ ನೀರಿನಲ್ಲಿ ಪೊಟ್ಯಾಸಿಯಂ ಅಯಾನು ಒಂದಿದ್ದರೆ ಸೋಡಿಯಂ ಅಯಾನುಗಳು ನಲವತ್ತಕ್ಕೂ ಹೆಚ್ಚು. ಅಂಥ ಗುಂಪಿನಿಂದ ಬೇಕಾದ ಒಂದನ್ನು ಆರಿಸಿಕೊಳ್ಳುವುದು ಬೇರಿಗೆ ಸುಲಭದ ಕೆಲಸವಲ್ಲ. ನೀರಿನ ತೊಂದರೆಯಿಂದ ಗಿಡದ ಬೆಳವಣಿಗೆ ಕೂಡಲೇ ಕುಂಟುತ್ತದೆ. ವಿಷದ ತೊಂದರೆ ವಾರಗಳ ಮೇಲೆ ಹಳೆಯ ಎಲೆಗಳ ಅಂಚು ಕರಿಕಾಗುವುದರ ಮೂಲಕ ಕಾಣಿಸಿಕೊಳ್ಳುತ್ತದೆ.

ಇವೆರಡರ ನಡುವೆ ಒಂದು ಇಕ್ಕಟ್ಟಿದೆ ಎಂಬುದೇ ಈ ವಿಷಯದ ಮರ್ಮ. ನೀರನ್ನು ಸೆಳೆಯಬೇಕಾದರೆ ಒಳಗಿನ ರಸ ಗಟ್ಟಿಯಾಗಿರಬೇಕು. ರಸವನ್ನು ಗಟ್ಟಿಮಾಡಲು ಅತ್ಯಂತ ಅಗ್ಗವಾಗಿ ಸಿಗುವ ವಸ್ತು ಹೊರಗಿನ ಉಪ್ಪೇ. ಅದನ್ನು ಒಳಗೆ ಬಿಟ್ಟುಕೊಂಡರೆ ಕಿಣ್ವಗಳು ಕೆಡುತ್ತವೆ, ಬಿಡದಿದ್ದರೆ ಗಿಡ ಬಾಯಾರಿ ಸಾಯುತ್ತದೆ.

ಬಹುಕಾಲದ ಊಹೆಯೆಂದರೆ ಲವಣಸಸ್ಯಗಳ ಕಿಣ್ವಗಳೇ ಉಪ್ಪಿಗೆ ಒಗ್ಗಿರಬೇಕು ಎಂಬುದು. ಊಹೆಗೆ ಆಧಾರವಿರಲಿಲ್ಲ ಎನ್ನುವಂತಿಲ್ಲ. ಉಪ್ಪಿನ ಆಗರಗಳ ಕೊನೆಯ ಮಡಿಗಳಲ್ಲಿ ನೀರು ಗುಲಾಬಿ ಬಣ್ಣ ತಾಳುವುದಕ್ಕೆ ಕಾರಣವಾದ ಸೂಕ್ಷ್ಮಜೀವಿಗಳ ವಿಷಯದಲ್ಲಿ ಅದು ನಿಜ. ಅವುಗಳ ಪ್ರೋಟೀನುಗಳು ಉಪ್ಪಿಲ್ಲದಿದ್ದರೆ ಕೆಲಸವನ್ನೇ ಮಾಡಲಾರವು. ಆದರೆ 1972ರಲ್ಲಿ ಗ್ರೀನ್‌ವೇ ಮತ್ತು ಆಸ್ಮಂಡ್ ಎಂಬ ವಿಜ್ಞಾನಿಗಳು ಅಟ್ರಿಪ್ಲೆಕ್ಸ್, ಸ್ಯಾಲಿಕಾರ್ನಿಯಾ ಎಂಬ ಎರಡು ಲವಣಸಸ್ಯಗಳ ಕಿಣ್ವಗಳನ್ನೂ ಉಪ್ಪಿಗೆ ಬೇಗ ಸೋಲುವ ಹುರುಳಿಕಾಯಿ ಗಿಡದ ಕಿಣ್ವಗಳನ್ನೂ ಹೊರತೆಗೆದು, ಗಾಜಿನ ನಳಿಗೆಯಲ್ಲಿ ಒಂದೇ ಬಗೆಯ ಉಪ್ಪಿಗೆ ಒಡ್ಡಿ ಹೋಲಿಸಿದರು. ಎರಡೂ ಬಗೆಯವು ಒಂದೇ ರೀತಿ ಸೋತವು. ಕಡಲಂಚಿನ ಗಿಡದ ಕಿಣ್ವವೂ ಹಿತ್ತಲ ಗಿಡದ ಕಿಣ್ವದಷ್ಟೇ ಸೂಕ್ಷ್ಮ. ಹಾಗಾದರೆ ಲವಣಸಸ್ಯದ ಬಲ ಅದರ ಕಿಣ್ವಗಳಲ್ಲಿಲ್ಲ, ಉಪ್ಪನ್ನು ಎಲ್ಲಿ ಇರಿಸಬೇಕು ಎಂಬ ವ್ಯವಸ್ಥೆಯಲ್ಲಿದೆ. ಒಂದು ಸರಳ ಪ್ರಯೋಗ ಇಡೀ ಶಾಸ್ತ್ರಶಾಖೆಯ ದಿಕ್ಕನ್ನು ಬದಲಿಸಿದ ಉದಾಹರಣೆಯಿದು.

ಆ ವ್ಯವಸ್ಥೆ ಬೇರಿನಿಂದಲೇ ಆರಂಭವಾಗುತ್ತದೆ. ನಾರ್ವೆ ಮೂಲದ ಶರೀರಕ್ರಿಯಾ ವಿಜ್ಞಾನಿ ಪರ್ ಷೊಲಾಂಡರ್ 1960ರ ದಶಕದಲ್ಲಿ ಕಾಂಡ್ಲ ಮರಗಳ ಮೇಲೆ ನಡೆಸಿದ ಅಧ್ಯಯನಗಳು ಇಲ್ಲಿ ಮುಖ್ಯ. ಕೊಂಬೆಯೊಂದನ್ನು ಕತ್ತರಿಸಿ, ತುದಿ ಮಾತ್ರ ಹೊರಗಿರುವಂತೆ ಲೋಹದ ಕೋಠಿಯಲ್ಲಿಟ್ಟು, ಕತ್ತರಿಸಿದ ತುದಿಯಲ್ಲಿ ರಸ ಒಸರುವವರೆಗೆ ಅನಿಲದ ಒತ್ತಡವನ್ನು ಏರಿಸುವುದು ಆತನ ವಿಧಾನ. ಎಷ್ಟು ಒತ್ತಡಕ್ಕೆ ರಸ ಕಾಣಿಸಿತೋ ಮರದೊಳಗೆ ನೀರು ಅಷ್ಟೇ ಬಿಗಿಯಾಗಿ ಎಳೆಯಲ್ಪಟ್ಟಿತ್ತು ಎಂದರ್ಥ. ಎತ್ತರದ ಮರಗಳ ತುದಿಯ ರೆಂಬೆಗಳನ್ನು ಕೋವಿಯಿಂದ ಹೊಡೆದು ಬೀಳಿಸಿ ಅಳೆದ ಪ್ರಸಂಗವೂ ಈ ಸಂಶೋಧನೆಯ ಚರಿತ್ರೆಯಲ್ಲಿದೆ. ಕಾಂಡ್ಲದಲ್ಲಿ ಕಂಡ ಎಳೆತ 30 ವಾಯುಭಾರವನ್ನು ಮೀರಿತ್ತು. ಕಡಲ ನೀರಿನ 25ನ್ನು ಗೆಲ್ಲಲು ಅದು ಸಾಕು. ಅಷ್ಟೇ ಗಮನಾರ್ಹವಾದ ಸಂಗತಿಯೆಂದರೆ ಒಸರಿದ ರಸ ಬಹುಮಟ್ಟಿಗೆ ಸಿಹಿನೀರಾಗಿತ್ತು. ರೈಜೊಫೊರಾ ಜಾತಿಯ ಕಾಂಡ್ಲದ ಬೇರು ಉಪ್ಪಿನ ನೂರು ಪಾಲಿನಲ್ಲಿ ತೊಂಬತ್ತೊಂಬತ್ತನ್ನು ಹೊರಗೇ ತಡೆಯುತ್ತದೆ. ಬೇರಿನ ಒಳಪದರದ ಕೋಶಗಳ ಸಂದುಗಳಲ್ಲಿ ಮೇಣದಂಥ ಪದಾರ್ಥದ ಪಟ್ಟಿ ಬೆಸೆದಿದ್ದು, ನೀರು ಕೋಶದ ಪೊರೆಯನ್ನು ಹಾಯ್ದೇ ಮುಂದೆ ಹೋಗಬೇಕಾಗುತ್ತದೆ; ಸೋಸುವಿಕೆ ಅಲ್ಲಿಯೇ ನಡೆಯುತ್ತದೆ. ಈ ಕೆಲಸಕ್ಕೆ ಬೇಕಾದ ಬಲವನ್ನು ಒದಗಿಸುವುದು ಎಲೆಯಿಂದ ನೀರನ್ನು ಆವಿಯಾಗಿಸುವ ಬಿಸಿಲು. ಕಡಲ ನೀರನ್ನು ಸಿಹಿಮಾಡಲು ಮನುಷ್ಯ ಕಟ್ಟುವ ಸ್ಥಾವರಗಳು ಇದೇ ತತ್ತ್ವದವು, ಆದರೆ ಅವಕ್ಕೆ ವಿದ್ಯುತ್ತು ಬೇಕು.

ನೂರರಲ್ಲಿ ಒಂದು ಪಾಲು ಒಳಬಂದರೂ ಸಾಮಾನ್ಯವಲ್ಲ. ಎಲೆಯಿಂದ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ದಿನದಿನವೂ ಇದು ಕೂಡುತ್ತಾ ಹೋಗುವ ಲೆಕ್ಕ. ತಿವರದಲ್ಲಂತೂ ಬೇರು ತಡೆಯುವುದು ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಮಾತ್ರ. ಉಳಿದುದನ್ನು ಅದರ ಎಲೆಗಳ ಮೇಲಿನ ಲವಣಗ್ರಂಥಿಗಳು ಹೊರಹಾಕುತ್ತವೆ. ಮಳೆಯಿಲ್ಲದ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲೆಯ ಮೇಲೆ ಬಿಳಿಯ ಹರಳುಗಳು ಕಣ್ಣಿಗೇ ಕಾಣುತ್ತವೆ, ನಾಲಗೆಗೆ ತಾಗಿಸಿದರೆ ಉಪ್ಪೆನಿಸುತ್ತದೆ. ಮಳೆಗಾಲ ಅದನ್ನೆಲ್ಲ ತೊಳೆದುಬಿಡುತ್ತದೆ. ಈ ಉಪ್ಪು ಪಶುಗಳಿಗೆ ಅಡ್ಡಿಯಲ್ಲ. ಕಚ್ಛದ ಖಾರಾಯಿ ಒಂಟೆಗಳು ಕೊಲ್ಲಿಯನ್ನು ಈಜಿ ದಾಟಿ ತಿವರದ ಎಲೆಗಳನ್ನು ಮೇಯುತ್ತವೆ. 2015ರಲ್ಲಿ ಪ್ರತ್ಯೇಕ ತಳಿಯೆಂದು ಮನ್ನಣೆ ಪಡೆದ ಈ ಒಂಟೆಯ ಹೆಸರಿನಲ್ಲೇ ಉಪ್ಪಿದೆ.

ಅಟ್ರಿಪ್ಲೆಕ್ಸ್ ಎಂಬ ಗಿಡದ ಎಲೆಗಳ ಮೇಲೆ ಬಲೂನಿನಂಥ ಸಣ್ಣ ಗುಳ್ಳೆಗಳಿದ್ದು ಅವುಗಳಲ್ಲಿ ಉಪ್ಪು ತುಂಬಿಕೊಳ್ಳುತ್ತದೆ. ಅದರ ಸಂಬಂಧಿಯಾದ ಕಿನೋವಾದ ಗುಳ್ಳೆಗಳೂ ಇದೇ ಕೆಲಸಕ್ಕೆಂದು ಬಹುಕಾಲ ಬರೆಯಲಾಗುತ್ತಿತ್ತು. 2020ರ ದಶಕದ ಪ್ರಯೋಗಗಳಲ್ಲಿ ಗುಳ್ಳೆಗಳಿಲ್ಲದ ಕಿನೋವಾ ಗಿಡಗಳೂ ಉಪ್ಪನ್ನು ಸಹಿಸಿದವು, ಕೀಟಗಳಿಗೆ ಮಾತ್ರ ಸುಲಭವಾಗಿ ತುತ್ತಾದವು. ಹಳೆಯ ಎಲೆಗಳನ್ನು ಉದುರಿಸಿ ಗಿಡ ಉಪ್ಪನ್ನು ಕಳೆದುಕೊಳ್ಳುತ್ತದೆ ಎಂಬ ಮಾತೂ ಪಠ್ಯಗಳಲ್ಲಿ ಸಾಮಾನ್ಯ. ಉದುರುವ ಎಲೆಯೊಡನೆ ಉಪ್ಪು ಹೋಗುವುದು ನಿಜ. ಅದಕ್ಕಾಗಿಯೇ ಎಲೆ ಉದುರುತ್ತದೆ ಎನ್ನಲು ಅಷ್ಟು ಸಾಕಾಗದು.

ಉಪ್ಪಿನ ಆಗರಗಳ ಬದುಗಳ ಮೇಲೆ ಬೆಳೆಯುವ ಸುವೇಡಾ, ಸ್ಯಾಲಿಕಾರ್ನಿಯಾ ಮೊದಲಾದ ಕುಳ್ಳಗಿಡಗಳದ್ದು ಇನ್ನೂ ಧೀರವಾದ ಮಾರ್ಗ. ಅವು ಉಪ್ಪನ್ನು ತಡೆಯುವುದಕ್ಕೂ ಹೊರಹಾಕುವುದಕ್ಕೂ ಹೆಚ್ಚು ಹೆಣಗದೆ ಒಳಗೇ ಬಿಟ್ಟುಕೊಳ್ಳುತ್ತವೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ತಿಮೋತಿ ಫ್ಲವರ್ಸ್ ದೀರ್ಘಕಾಲ ಅಧ್ಯಯನ ಮಾಡಿದ ಸುವೇಡಾ ಮರಿಟಿಮಾ ಸಿಹಿನೀರಿಗಿಂತ ಹದವಾದ ಉಪ್ಪುನೀರಿನಲ್ಲೇ ಚೆನ್ನಾಗಿ ಕೊಬ್ಬುತ್ತದೆ. ಇಂಥದಕ್ಕೆ ಲವಣಸಹಿಷ್ಣು ಎಂಬ ವಿಶೇಷಣ ಸಾಲದು. ಸಹಿಸುವುದೆಂದರೆ ಒಲ್ಲದುದನ್ನು ತಾಳಿಕೊಳ್ಳುವುದು. ಲವಣಪ್ರಿಯ ಎಂದರೂ ಅತಿಯಾಗುತ್ತದೆ, ಏಕೆಂದರೆ ಅದರ ಕಿಣ್ವಗಳಿಗೆ ಉಪ್ಪು ಇಂದಿಗೂ ಶತ್ರುವೇ. ಸಸ್ಯಕೋಶದ ನಡುವೆ ರಸದಾನಿ ಎಂಬ ದೊಡ್ಡ ಚೀಲವಿದೆ. ಬಲಿತ ಕೋಶದ ಹತ್ತರಲ್ಲಿ ಒಂಬತ್ತು ಭಾಗ ಅದೇ. ಕಿಣ್ವಗಳ ವ್ಯವಹಾರ ನಡೆಯುವುದು ಚೀಲದ ಸುತ್ತ ತೆಳುವಾಗಿ ಹಬ್ಬಿದ ಕೋಶದ್ರವ್ಯದಲ್ಲಿ. ಬಂದ ಉಪ್ಪನ್ನು ಸುವೇಡಾ ಈ ಚೀಲದೊಳಕ್ಕೆ ತಳ್ಳಿ ಕೂಡಿಹಾಕುತ್ತದೆ. ಚೀಲದ ರಸ ಗಟ್ಟಿಯಾಗಿ ಮಣ್ಣಿನಿಂದ ನೀರನ್ನು ಸೆಳೆಯುತ್ತದೆ, ಎಲೆ ನೀರುಂಡು ದಪ್ಪಗಾಗುತ್ತದೆ, ದಪ್ಪಗಾದುದರಿಂದ ಉಪ್ಪು ತೆಳುವಾಗುತ್ತದೆ. ಅಗ್ಗದ ಉಪ್ಪೇ ನೀರೆತ್ತುವ ಸಾಧನವಾಗುತ್ತದೆ. ಭಾವನಗರದಲ್ಲಿರುವ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನ ಸಂಸ್ಥೆಯವರು ಸ್ಯಾಲಿಕಾರ್ನಿಯಾದಿಂದ ಅಡುಗೆಗೆ ಬರುವ ಸಸ್ಯಜನ್ಯ ಉಪ್ಪನ್ನೇ ತಯಾರಿಸಿ ತೋರಿಸಿದ್ದಾರೆಂದರೆ ಆ ಸಂಗ್ರಹದ ಪ್ರಮಾಣ ಊಹಿಸಬಹುದು.

ಆದರೆ ಚೀಲದ ರಸ ಇಷ್ಟು ಗಟ್ಟಿಯಾದರೆ ಪಕ್ಕದ ಕೋಶದ್ರವ್ಯದಿಂದಲೂ ಅದು ನೀರನ್ನು ಹೀರಿಬಿಡುವುದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಹೀರಬಾರದೆಂದಾದರೆ ಕೋಶದ್ರವ್ಯವೂ ಅಷ್ಟೇ ಗಟ್ಟಿಯಾಗಿರಬೇಕು, ಉಪ್ಪಿನಿಂದಲ್ಲದೆ ಕಿಣ್ವಕ್ಕೆ ತೊಂದರೆ ಕೊಡದ ಬೇರೊಂದು ವಸ್ತುವಿನಿಂದ. ಪ್ರೋಲೀನ್, ಗ್ಲೈಸೀನ್ ಬೀಟೇನ್, ಮ್ಯಾನಿಟಾಲ್ ಮುಂತಾದ ಸಾವಯವ ಪದಾರ್ಥಗಳನ್ನು ಗಿಡ ಈ ಕಾರ್ಯಕ್ಕೆಂದೇ ತಯಾರಿಸುತ್ತದೆ. ಬೀಟೇನ್ ಎಂಬ ಹೆಸರು ಬಂದುದು ಬೀಟ್ ಗೆಡ್ಡೆಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಮೊದಲು ಸಿಕ್ಕಿದ್ದು ಅದರ ರಸದಲ್ಲೇ. ಊಟದ ತಟ್ಟೆಯ ಬೀಟ್‌ರೂಟಿನ ಪೂರ್ವಜ ಯೂರೋಪಿನ ಕಡಲತೀರದ ಕಾಡುಗಿಡವೆಂಬುದನ್ನು ನೆನೆದರೆ ಈ ಪದಾರ್ಥ ಅಲ್ಲೇಕಿತ್ತು ಎಂಬುದು ಹೊಳೆಯುತ್ತದೆ. ಇವುಗಳ ತಯಾರಿಕೆ ದುಬಾರಿ: ದ್ಯುತಿಸಂಶ್ಲೇಷಣೆಯಿಂದ ಗಳಿಸಿದ ಇಂಗಾಲವೂ, ಮೊದಲೆರಡರ ಮಟ್ಟಿಗೆ ಮಣ್ಣಿನಿಂದ ಪಡೆದ ಸಾರಜನಕವೂ ಇದಕ್ಕೆ ವ್ಯಯವಾಗುತ್ತವೆ. ಕೋಶದ್ರವ್ಯ ಅಲ್ಪಗಾತ್ರದ್ದಾದುದರಿಂದಲೇ ಈ ಖರ್ಚು ತೂಗುತ್ತದೆ. ಇಡೀ ಕೋಶವನ್ನು ಬೀಟೇನಿನಿಂದ ತುಂಬಬೇಕಾಗಿದ್ದರೆ ಗಿಡ ದಿವಾಳಿಯಾಗುತ್ತಿತ್ತು.

ಉಪ್ಪನ್ನು ಚೀಲಕ್ಕೆ ತಳ್ಳುವ ಯಂತ್ರವೇನೆಂಬುದು 1990ರ ದಶಕದ ಕೊನೆಯ ಹೊತ್ತಿಗೆ ಸ್ಪಷ್ಟವಾಯಿತು. ರಸದಾನಿಯ ಪೊರೆಯಲ್ಲಿರುವ ಒಂದು ಪ್ರೋಟೀನು ಒಳಗಿನ ಜಲಜನಕದ ಅಯಾನನ್ನು ಹೊರಬಿಟ್ಟು ಅದರ ಬದಲಿಗೆ ಸೋಡಿಯಮ್ಮನ್ನು ಒಳಗೆ ಸೇರಿಸುತ್ತದೆ. 1999ರಲ್ಲಿ ಎಡ್ವರ್ಡೊ ಬ್ಲಮ್‌ವಾಲ್ಡ್ ಮತ್ತು ಸಂಗಡಿಗರು ಈ ಪ್ರೋಟೀನಿನ ಜೀನನ್ನು ಅರಬಿಡಾಪ್ಸಿಸ್ ಗಿಡದಲ್ಲಿ ಹೆಚ್ಚು ಚುರುಕುಗೊಳಿಸಿ ಉಪ್ಪುನೀರಿನಲ್ಲಿ ಬೆಳೆಸಿದರು. 2001ರಲ್ಲಿ ಟೊಮೆಟೊದಲ್ಲಿಯೂ ಅದನ್ನೇ ಮಾಡಿದರು. ಎಲೆಗಳಲ್ಲಿ ಉಪ್ಪು ಸೇರಿತು, ಹಣ್ಣಿನಲ್ಲಿ ಸೇರಲಿಲ್ಲ. ಚೆನ್ನೈಯ ಎಂ.ಎಸ್. ಸ್ವಾಮಿನಾಥನ್ ಸಂಶೋಧನ ಪ್ರತಿಷ್ಠಾನದ ವಿಜ್ಞಾನಿಗಳು ತಿವರದ ಜೀನುಗಳನ್ನೇ ಬತ್ತಕ್ಕೆ ವರ್ಗಾಯಿಸಿದರು. ಆ ಕಾಲದ ಪತ್ರಿಕೆಗಳು ಕಡಲ ನೀರಿನ ಬೇಸಾಯ ಇನ್ನೇನು ಬಂತೆಂದು ಬರೆದವು. ಎರಡು ದಶಕಗಳು ಕಳೆದರೂ ಇಂಥ ಬೆಳೆ ರೈತರ ಹೊಲವನ್ನು ತಲುಪಿಲ್ಲ. ಕಾರಣವನ್ನು ಮೇಲಿನ ವಿವರಣೆಯಲ್ಲೇ ಕಾಣಬಹುದು. ಬೇರಿನ ಜರಡಿ, ನಾಳದ ಕಾವಲು, ರಸದಾನಿಯ ಯಂತ್ರ, ಬೀಟೇನಿನ ತಯಾರಿಕೆ, ಇವೆಲ್ಲ ಹೊಂದಿಕೊಂಡು ನಡೆದರಷ್ಟೇ ಗಿಡ ಉಳಿಯುತ್ತದೆ. ಒಂದನ್ನು ಎರವಲು ತಂದರೆ ಮಿಕ್ಕವು ಜೊತೆಗೆ ಬರುವುದಿಲ್ಲ.

ಹೆಚ್ಚು ಫಲ ಕೊಟ್ಟದ್ದು ರೈತರೇ ಉಳಿಸಿಕೊಂಡು ಬಂದ ಹಳೆಯ ತಳಿಗಳ ಅಧ್ಯಯನ. ಕೇರಳದ ಪೊಕ್ಕಾಳಿ, ಬಂಗಾಳದ ನೋನಾ ಬೊಕ್ರಾ ಎಂಬ ಬತ್ತಗಳು ಉಪ್ಪುನೀರಿನ ಬಯಲಿನವು. ಬಂಗಾಳಿಯಲ್ಲಿ ನೋನಾ ಎಂದರೇ ಉಪ್ಪು ಎಂದರ್ಥ. 2005ರಲ್ಲಿ ಚೀನಾದ ವಿಜ್ಞಾನಿಗಳು ನೋನಾ ಬೊಕ್ರಾದ ಸಹನೆಗೆ ಕಾರಣವಾದ ಒಂದು ಜೀನನ್ನು ಗುರುತಿಸಿದರು. ಅದರ ಪ್ರೋಟೀನು, ಬೇರಿನಿಂದ ಮೇಲಕ್ಕೆ ಹರಿಯುವ ರಸದಿಂದ ಸೋಡಿಯಮ್ಮನ್ನು ಹೆಕ್ಕಿ ಹಿಂದಕ್ಕೆ ತೆಗೆದುಕೊಂಡು, ಎಲೆಗೆ ತಲುಪದಂತೆ ಮಾಡುತ್ತದೆ. ಪೊಕ್ಕಾಳಿಯಿಂದ ಪಡೆದ ಗುಣವೂ ಅದೇ ವರ್ಣತಂತುವಿನ ಅದೇ ಆಸುಪಾಸಿನದು. ಗೋಧಿಯ ಪ್ರಾಚೀನ ಬಂಧುವೊಂದರಿಂದ ಇದೇ ಬಗೆಯ ಜೀನನ್ನು ಸಾಂಪ್ರದಾಯಿಕ ಸಂಕರದ ಮೂಲಕ ತಂದಾಗ ಉಪ್ಪುನೆಲದಲ್ಲಿ ಇಳುವರಿ ನೂರಕ್ಕೆ 25ರಷ್ಟು ಹೆಚ್ಚಿದ್ದು ಆಸ್ಟ್ರೇಲಿಯಾದಲ್ಲಿ 2012ರಲ್ಲಿ ಪ್ರಕಟವಾಯಿತು. ಬತ್ತ, ಗೋಧಿಗಳು ಇದರಿಂದ ಲವಣಸಸ್ಯಗಳಾಗಲಿಲ್ಲ. ಉಪ್ಪನ್ನು ಎಲೆಯಿಂದ ಸ್ವಲ್ಪ ಹೆಚ್ಚು ಕಾಲ ದೂರವಿರಿಸಲು ಕಲಿತವು, ಅಷ್ಟೇ. ಭಾರತದಲ್ಲಿ ಸುಮಾರು 67 ಲಕ್ಷ ಹೆಕ್ಟೇರು ನೆಲ ಲವಣ ಅಥವಾ ಕ್ಷಾರಕ್ಕೆ ಸಿಕ್ಕಿದೆ ಎಂಬುದು 1969ರಲ್ಲಿ ಸ್ಥಾಪಿತವಾದ ಕರ್ನಾಲದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನ ಸಂಸ್ಥೆಯ ಅಂದಾಜು. ಪುಣೆ ಜಿಲ್ಲೆಯ ನೀರಾ ಕಾಲುವೆಯ ಬಯಲು ಉಪ್ಪೇರಿದ್ದನ್ನು ಹೆರಾಲ್ಡ್ ಮ್ಯಾನ್ 1910ರಷ್ಟು ಹಿಂದೆಯೇ ವಿವರಿಸಿದ್ದರು. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಅದೇ ಕಥೆ ಅರ್ಧ ಶತಮಾನದ ಮೇಲೆ ಮರುಕಳಿಸಿತು. ಅಂಥಲ್ಲಿ ಸಹನೆಯ ಅಲ್ಪ ಹೆಚ್ಚಳವೂ ಒಂದು ಕುಟುಂಬದ ಊಟದ ಪ್ರಶ್ನೆ.

ಕನ್ನಡನಾಡಿನ ಇಂಥ ಹಳೆಯ ಬತ್ತ ಕಗ್ಗ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಕಡಲನ್ನು ಸೇರುವ ಅಳಿವೆಯ ಎರಡೂ ಬದಿಗೆ ಗಜನಿ ಎಂದು ಕರೆಯುವ ತಗ್ಗುಗದ್ದೆಗಳಿವೆ. ಭರತದ ನೀರು ನುಗ್ಗದಂತೆ ಕಟ್ಟೆ ಹಾಕಿ, ಹಲಗೆಯ ಬಾಗಿಲುಗಳಿಂದ ನೀರನ್ನು ಬಿಡುವ, ತಡೆಯುವ ವ್ಯವಸ್ಥೆ ಅಲ್ಲಿಯದು. ಮಳೆಗಾಲ ಹಿಡಿದಾಗ ಮಳೆಯ ನೀರು ಗದ್ದೆಯ ಉಪ್ಪನ್ನು ತೊಳೆದು ಹಗುರ ಮಾಡುತ್ತದೆ. ಆಗ ಕಗ್ಗವನ್ನು ಬಿತ್ತುತ್ತಾರೆ. ಎತ್ತರಕ್ಕೆ ಬೆಳೆಯುವ ಈ ಪೈರು ಉಪ್ಪನ್ನಲ್ಲದೆ ಹಲವು ದಿನಗಳ ಮುಳುಗಡೆಯನ್ನೂ ತಾಳುತ್ತದೆ. ಗೊಬ್ಬರ ಹಾಕುವ ಪದ್ಧತಿಯಿಲ್ಲ. ಹೊಳೆ ತರುವ ಮೆಕ್ಕಲೇ ಸಾಕು. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಪ್ಪುನೀರನ್ನು ಬಿಟ್ಟುಕೊಂಡರೆ, ಉಳಿದ ಕೂಳೆಯನ್ನು ಆಶ್ರಯಿಸಿ ಮೀನೂ ಸೀಗಡಿಯೂ ಬೆಳೆಯುತ್ತವೆ. ಗಿಡದ ಶಕ್ತಿಯನ್ನು ಮಾತ್ರ ಲೆಕ್ಕ ಹಿಡಿದರೆ ಕಗ್ಗ ಸುವೇಡಾದ ಮುಂದೆ ಏನೂ ಅಲ್ಲ. ಅದರ ಬಿತ್ತನೆಯ ಕಾಲವನ್ನು ಮಳೆಗೆ ಹೊಂದಿಸಿ, ಉಪ್ಪು ಮಿತಿಮೀರುವ ಮೊದಲೇ ತೆನೆ ಬಲಿಯುವಂತೆ ನೋಡಿಕೊಂಡದ್ದು ರೈತನ ಲೆಕ್ಕಾಚಾರ. ಲವಣಗ್ರಂಥಿ ಮಾಡುವ ಕೆಲಸದ ಒಂದು ಪಾಲನ್ನು ಇಲ್ಲಿ ಕಟ್ಟೆಯ ಬಾಗಿಲು ಮಾಡುತ್ತದೆ.

ಸೀಗಡಿಗೆ ಪೇಟೆಯಲ್ಲಿ ಬೆಲೆ ಏರಿದಂತೆ ಹಲವು ಗಜನಿಗಳಲ್ಲಿ ಬಾಗಿಲು ಮಳೆಗಾಲದಲ್ಲಿಯೂ ತೆರೆದೇ ಉಳಿಯಿತು. ಕಟ್ಟೆ ಒಡೆದಲ್ಲಿ ಸರಿಪಡಿಸುವವರಿಲ್ಲದೆ ಕಾಂಡ್ಲ ತಾನಾಗಿಯೇ ಬಂದು ಬೇರೂರಿತು. 2024ರ ಜನವರಿ 31ರಂದು ಅಘನಾಶಿನಿಯ ಅಳಿವೆ ರಾಮ್‌ಸಾರ್ ಜೌಗುನೆಲಗಳ ಪಟ್ಟಿಯಲ್ಲಿ ಸೇರಿದ್ದು ಪ್ರಕಟವಾಯಿತು. ಠಾಣೆ ಖಾಡಿ 2022ರಲ್ಲೇ ಸೇರಿತ್ತು. ಕಾಂಡ್ಲಕ್ಕೆ ಹೀಗೆ ರಕ್ಷಣೆ ಒದಗಿದೆ. ಮಹಾರಾಷ್ಟ್ರದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ 2005 ಮತ್ತು 2018ರ ಆದೇಶಗಳೂ ಅದರ ಬೆನ್ನಿಗಿವೆ. ಕಗ್ಗದ ಸ್ಥಿತಿ ಬೇರೆ. ತಿವರದ ಮೊಳಕೆ ಭರತದ ನೀರಿನಲ್ಲಿ ತೇಲಿ ಬಂದು ತನ್ನ ನೆಲೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಕಗ್ಗದ ಬೀಜವನ್ನು ಪ್ರತಿ ವರ್ಷ ಯಾರಾದರೂ ಕಣದಿಂದ ತೆಗೆದಿಟ್ಟು, ಮುಂದಿನ ಮಳೆಗೆ ಕಟ್ಟೆಯನ್ನು ಭದ್ರಪಡಿಸಿ, ಮತ್ತೆ ಬಿತ್ತಬೇಕಾಗುತ್ತದೆ.